ಗೋಲು ಹೊಡೆದವರು, ಚೆಂಡು ಕೊಟ್ಟವರು

ನಮ್ಮ ಮನೆಯಲ್ಲಿ ಈಚೆಗೆ ಒಂದು ಜಗಳ ನಡೆಯಿತು. ಜಗಳವೆಂದರೆ ಗಾಬರಿಯಾಗಬೇಡಿ, ಅಪ್ಪ-ಮಗನ ನಡುವೆ ಆಟದ ವಿಷಯಕ್ಕೆ ನಡೆಯುವಂಥದು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನ ಹುಚ್ಚು. ಯಾವ ತಂಡದಲ್ಲಿ ಯಾರಿದ್ದಾರೆ, ಯಾರು ಎಷ್ಟು ಅಂಕ ಗಳಿಸಿದರು, ಅಷ್ಟೇ ಅಲ್ಲ, ಯಾರು ಎಷ್ಟು ಸಲ ಇನ್ನೊಬ್ಬನಿಗೆ ಚೆಂಡು ಕೊಟ್ಟು ಅಂಕ ಮಾಡಿಸಿದರು, ಎಲ್ಲವೂ ಅವನಿಗೆ ಬಾಯಿಪಾಠ. ಹೀಗೆ ಚೆಂಡು ಕೊಡುವುದಕ್ಕೆ ಅವರು ‘ಅಸಿಸ್ಟ್’ ಎನ್ನುತ್ತಾರೆ. ಈ ಲೆಕ್ಕವನ್ನು ಆ ಲೀಗು ತನ್ನ ಮೊದಲ ವರ್ಷದಿಂದಲೂ, ಅಂದರೆ 1946–47ರಿಂದಲೂ, ಇಟ್ಟುಕೊಂಡು ಬಂದಿದೆ.

‘ನಮ್ಮ ದೇಶದಲ್ಲಿ ಅಂಥ ಆಟಗಾರರು ಎಲ್ಲಿದ್ದಾರೆ ಅಪ್ಪಾ?’ ಎಂದು ಅವನು ಕೇಳಿದ. ನನಗೆ ರೇಗಿತು. ‘ನೀನು ಹುಟ್ಟಿದ ಊರಿನಲ್ಲೇ ಇದ್ದರು, ನಾನು ಹುಟ್ಟಿದ ಸೀಮೆಯಲ್ಲೂ ಇದ್ದರು’ ಎಂದೆ. ‘ಹೆಸರು ಹೇಳಿ’ ಎಂದ. ಹೇಳತೊಡಗಿದೆ. ಊಟದ ಹೊತ್ತು ಮೀರಿತು. ಕೊನೆಗೆ ಅವನು ಕೇಳಿದ ಇನ್ನೊಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಕೂಡಲೆ ಉತ್ತರವಿರಲಿಲ್ಲ. ಆ ಪ್ರಶ್ನೆ ಏನೆಂದು ಆಮೇಲೆ ಹೇಳುತ್ತೇನೆ. ನಾನು ಇತಿಹಾಸಕಾರನಲ್ಲ. ಬಿ.ಎಸ್ಸಿ. ಓದಿ, ಕೇಂದ್ರ ಸರಕಾರದ ಕಛೇರಿಯೊಂದರಲ್ಲಿ ಫೈಲು ನೋಡುವ ಗುಮಾಸ್ತ. ಈ ವಿಷಯ ನನ್ನ ತಲೆಗೆ ಹತ್ತಿದ್ದು ಪುಸ್ತಕದಿಂದಲ್ಲ, ನಮ್ಮ ಕಛೇರಿಯ ರೆಕಾರ್ಡ್ ರೂಮಿನಿಂದ.

ರೆಕಾರ್ಡ್ ರೂಮಿನ ಯಜಮಾನರು

2004ರಲ್ಲಿ ನಾನು ಕೆಲಸಕ್ಕೆ ಸೇರಿ ಈ ಊರಿಗೆ ಬಂದಾಗ ನಮ್ಮ ಕಛೇರಿಯ ರೆಕಾರ್ಡ್ ರೂಮಿನಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬರಿದ್ದರು. ಬೆಂಗಳೂರು ಹಲಸೂರಿನವರು. ಮನೆಮಾತು ತಮಿಳು, ಹೈದರಾಬಾದಿನ ಉರ್ದು ನೀರು ಕುಡಿದಷ್ಟು ಸುಲಭ, ನಾನು ಚಿಂತಾಮಣಿ ಕಡೆಯವನೆಂದು ತಿಳಿದ ದಿನದಿಂದ ನನ್ನೊಡನೆ ಕನ್ನಡವೇ. ಬಲಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಫುಟ್‌ಬಾಲ್ ಆಡುತ್ತಾರೆಂದೇ 1970ರ ಸುಮಾರಿಗೆ ಅವರಿಗೆ ಕೆಲಸ ಕೊಟ್ಟಿದ್ದರು. ಮೊಣಕಾಲು ಹೋಯಿತು, ಆಟ ಹೋಯಿತು, ಕೆಲಸ ಉಳಿಯಿತು. ಮೈಸೂರು ರಾಜ್ಯದ ತಂಡಕ್ಕೆ ಆರಿಸುವಾಗ ಒಮ್ಮೆ ಶಿಬಿರದವರೆಗೂ ಹೋಗಿ ಕೊನೆಯ ಪಟ್ಟಿಯಲ್ಲಿ ಬಿಟ್ಟುಹೋಗಿದ್ದರಂತೆ.

ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿಕೊಂಡು ಅವರ ಬಳಿ ಕುಳಿತರೆ ಕಥೆಗಳು ಬರುತ್ತಿದ್ದವು. ಅವರು ಗೋಲು ಹೊಡೆದವರ ಸುದ್ದಿ ಹೇಳುತ್ತಿದ್ದುದು ಕಡಿಮೆ. ಆ ಗೋಲಿಗೆ ಚೆಂಡು ಎಲ್ಲಿಂದ ಬಂತು, ಯಾರ ಕಾಲಿನಿಂದ ಬಂತು ಎನ್ನುವುದೇ ಅವರ ಕಥೆ. ‘ಸ್ಕೋರ್ ಬೋರ್ಡಿನಲ್ಲಿ ಜಾಗ ಚಿಕ್ಕದು ತಮ್ಮಾ, ಗೋಲ್ ಹೊಡೆದವನ ಹೆಸರು ಮಾತ್ರ ಹಿಡಿಸುತ್ತೆ’ ಎನ್ನುತ್ತಿದ್ದರು.

ಬರಿಗಾಲಿನ ಬೆಂಗಳೂರು

ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ಪು ಬಹುಕಾಲ ಬ್ರಿಟಿಷ್ ಪಲ್ಟನುಗಳ ಸ್ವತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದೆಂದು ಕೇಳಿದರೆ ಬಹಳ ಮಂದಿ ಕಲ್ಕತ್ತೆಯ ಯಾವುದಾದರೂ ಕ್ಲಬ್ಬಿನ ಹೆಸರು ಹೇಳುತ್ತಾರೆ. ಅದು ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನೇ ಸೋಲಿಸಿ ಕಪ್ಪು ತಂದರು. ಮರುವರ್ಷ 1938ರಲ್ಲೂ ಗೆದ್ದರು. 1948ರಲ್ಲಿ ಮತ್ತೊಮ್ಮೆ ಗೆದ್ದರು.

ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ 1941ರಲ್ಲಿ ಶುರುವಾಯಿತು. ಅದನ್ನು ಮೈಸೂರು ಮೊದಲ ಬಾರಿ ಗೆದ್ದದ್ದು 1946–47ರಲ್ಲಿ, ಬೆಂಗಳೂರಿನಲ್ಲೇ, ಬಂಗಾಳವನ್ನು ಸೋಲಿಸಿ. ಗಮನಿಸಿ, ನನ್ನ ಮಗನ ಅಮೆರಿಕದವರು ಯಾರು ಯಾರಿಗೆ ಚೆಂಡು ಕೊಟ್ಟರೆಂದು ಬರೆದಿಡಲು ಕೂತದ್ದು ಅದೇ ವರ್ಷ. ನಮ್ಮ ಕಡೆ ಅಂಥ ಪುಸ್ತಕ ಇಟ್ಟವರು ಇಲ್ಲ.

1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ತಂಡ ಹೋಯಿತು. ಅದರಲ್ಲಿ ಸಾರಂಗಪಾಣಿ ರಾಮನ್, ಅಹಮದ್ ಖಾನ್, ಧನರಾಜ್, ವಜ್ರವೇಲು ಮುಂತಾಗಿ ನಮ್ಮ ಮೈಸೂರಿನ ಕಡೆಯವರ ಒಂದು ದಂಡೇ ಇತ್ತು. ಜುಲೈ 31ರಂದು ಫ್ರಾನ್ಸ್ ಎದುರು ಆಟ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿಹೋದವು. ಆಟ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಫ್ರಾನ್ಸಿನವರು ಗೋಲು ಹೊಡೆದು 2–1ರಿಂದ ಗೆದ್ದರು. ನಮ್ಮ ಆ ಒಂದು ಗೋಲು ರಾಮನ್‌ರದು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಇಂದು ನಮ್ಮ ಕನ್ನಡ ಶಾಲೆಯ ಯಾವ ಮಗುವಿಗೆ ಈ ಹೆಸರು ಗೊತ್ತು?

ನಾಲ್ಕು ವರ್ಷದ ನಂತರ, 1952ರಲ್ಲಿ, ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು 10–1ರ ಸೋಲು. ನೆನೆಸಿಕೊಳ್ಳಲು ಯಾರಿಗೂ ಇಷ್ಟವಿಲ್ಲದ ಆಟ. ಆ ‘ಒಂದು’ ಹೊಡೆದವರು ಅಹಮದ್ ಖಾನ್. ಅದಾದ ಮೇಲೆಯೇ ನಮ್ಮ ಆಟಗಾರರು ಬೂಟು ಹಾಕಲೇಬೇಕೆಂಬ ನಿಯಮ ಬಂತು. ಈ ಅಹಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಹತ್ತು ವರ್ಷ ಅಲ್ಲಿ ಆಡಿದರು. ಚೆಂಡನ್ನು ಅವರು ಆಡಿಸುತ್ತಿದ್ದ ರೀತಿಗೆ ಅವರನ್ನು ಹಾವಾಡಿಗ ಎನ್ನುತ್ತಿದ್ದರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಅಹಮದ್ ಖಾನ್, ಸಾಲೆ, ಈ ಐವರು ದಕ್ಷಿಣದ ಮುಂದಾಳುಗಳಿಗೆ ಬಂಗಾಳದ ಜನ ‘ಪಂಚಪಾಂಡವರು’ ಎಂದು ಹೆಸರಿಟ್ಟಿದ್ದರು. 1949ರ ಒಂದೇ ವರ್ಷದಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಬಂಗಾಳಿಗಳು ತಮ್ಮವರಲ್ಲದವರಿಗೆ ಮಹಾಭಾರತದ ಹೆಸರು ಕೊಟ್ಟು ನೆನಪಿಟ್ಟರು. ನಾವು ನಮ್ಮವರನ್ನು ಮರೆತೆವು. ಅಹಮದ್ ಖಾನ್ ತೊಂಬತ್ತು ವರ್ಷ ಬದುಕಿ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ರಹೀಮರ ಹೈದರಾಬಾದು

ಇನ್ನು ನಾವು ಅನ್ನ ತಿನ್ನುತ್ತಿರುವ ಈ ಊರಿನ ಕಥೆ. ಇಲ್ಲಿಯ ಫುಟ್‌ಬಾಲ್ ಎಂದರೆ ಸೈಯದ್ ಅಬ್ದುಲ್ ರಹೀಮ್. 1909ರಲ್ಲಿ ಹುಟ್ಟಿದವರು, ವೃತ್ತಿಯಿಂದ ಮೇಷ್ಟ್ರು. 2024ರಲ್ಲಿ ಅವರ ಮೇಲೆ ಹಿಂದಿಯಲ್ಲಿ ‘ಮೈದಾನ್’ ಎಂಬ ಚಿತ್ರ ಬಂತು, ಆದ್ದರಿಂದ ಹೆಸರು ಈಗ ಸ್ವಲ್ಪ ಮಂದಿಗೆ ಪರಿಚಯ. ಅವರು ತಯಾರು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಡ್ಯುರಾಂಡ್ ಕಪ್ಪನ್ನು 1950, 1954, 1957ರಲ್ಲಿ ತಂದಿತು.

ರಹೀಮರು ಮೇಷ್ಟ್ರ ಹಾಗೆಯೇ ಕಲಿಸುತ್ತಿದ್ದರು. ಹುಡುಗರಿಗಾಗಿ ವಿಚಿತ್ರ ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಚೆಂಡನ್ನು ಆಡಿಸಿಕೊಂಡು ಓಡುವಂತಿಲ್ಲ, ಬಂದದ್ದನ್ನು ಕೂಡಲೆ ಜೊತೆಯವನಿಗೆ ಕೊಡಬೇಕು. ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಿನಿಂದಲೇ ಒದೆಯಬೇಕು. ನಮ್ಮ ರೆಕಾರ್ಡ್ ರೂಮಿನ ಯಜಮಾನರು ಇದನ್ನು ಹೇಳುವಾಗ ಡಬ್ಬಿಯ ಮುಚ್ಚಳವನ್ನು ಎಡಗೈಯಲ್ಲಿ ತಿರುಗಿಸಿ ತೋರಿಸುತ್ತಿದ್ದರು. ‘ಕೊಡೋದು ಕಲಿಸಿದವರು ಅವರೊಬ್ಬರೇ’ ಎನ್ನುತ್ತಿದ್ದರು.

ಹೀಗೆ ಕಲಿತವರ ಫಲ ದೇಶಕ್ಕೆ ಸಿಕ್ಕಿತು. 1951ರ ದೆಹಲಿ ಏಷ್ಯನ್ ಕ್ರೀಡೆಯಲ್ಲಿ ಚಿನ್ನ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ. ಒಲಿಂಪಿಕ್ಸ್ ಸೆಮಿಫೈನಲಿಗೆ ಬಂದ ಏಷ್ಯದ ಮೊದಲ ತಂಡ ನಮ್ಮದು. 1962ರ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿ ಮತ್ತೆ ಚಿನ್ನ. ಮೂರು ತಂಡಗಳಿಗೂ ರಹೀಮರೇ ಗುರು. ಕ್ಯಾನ್ಸರಿನಿಂದ ಬಳಲುತ್ತಿದ್ದ ಅವರು ಜಕಾರ್ತದಿಂದ ಬಂದ ಮರುವರ್ಷ, 1963ರ ಜೂನ್ 11ರಂದು, ತೀರಿಕೊಂಡರು. 1970ರಲ್ಲಿ ಹೈದರಾಬಾದಿನವರೇ ಆದ ಸೈಯದ್ ನಯೀಮುದ್ದೀನ್ ನಾಯಕತ್ವದಲ್ಲಿ ಒಂದು ಕಂಚು ಬಂತು. ಏಷ್ಯನ್ ಕ್ರೀಡೆಯ ಫುಟ್‌ಬಾಲಿನಲ್ಲಿ ಅದಾದ ಮೇಲೆ ನಮ್ಮ ಕೈ ಬರಿದೇ.

ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದ ನೆವಿಲ್ ಡಿಸೋಜರನ್ನು ಪುಸ್ತಕಗಳು ನೆನೆಯುತ್ತವೆ, ನೆನೆಯಲೇಬೇಕು. ಆದರೆ ಆ ತಂಡದ ನಡುಸಾಲಿನಲ್ಲಿ ನಿಂತು ಚೆಂಡು ಕಿತ್ತು ಮುಂದಕ್ಕೆ ದಾಟಿಸಿದವರಲ್ಲಿ ಹೈದರಾಬಾದಿನ ನೂರ್ ಮಹಮ್ಮದ್ ಇದ್ದರು, ನಮ್ಮ ಬೆಂಗಳೂರಿನ ಮರಿಯಪ್ಪ ಕೆಂಪಯ್ಯ ಇದ್ದರು. ಕೆಂಪಯ್ಯನವರು 1960ರ ರೋಮ್ ಒಲಿಂಪಿಕ್ಸ್‌ನಲ್ಲೂ ಆಡಿದರು. ಎರಡು ಒಲಿಂಪಿಕ್ಸ್ ಆಡಿದ ಕೆಂಪಯ್ಯ ಎಂಬ ಹೆಸರಿನವರು ಇದ್ದರೆಂದು ನಾನು ನಮ್ಮ ಸಂಘದಲ್ಲಿ ಹೇಳಿದಾಗ ಹಿರಿಯರೊಬ್ಬರು, ‘ಕುಸ್ತಿಯಲ್ಲೇ?’ ಎಂದು ಕೇಳಿದರು!

ನಮ್ಮ ಪಕ್ಕದ ಅಮ್ಮುಗೂಡ

ನಾಚಾರಂನಲ್ಲಿರುವ ನಮ್ಮವರಿಗೆ ಒಂದು ಮಾತು. ಮೌಲಾ ಆಲಿಯ ಬಂಡೆಗುಡ್ಡ ನಮ್ಮ ಮಹಡಿಯಿಂದ ಕಾಣುತ್ತದಷ್ಟೆ. ಅದನ್ನು ದಾಟಿ ಆಚೆ ಹೋದರೆ ಅಮ್ಮುಗೂಡ. ತುಳಸೀದಾಸ್ ಬಲರಾಮ್ ಹುಟ್ಟಿದ್ದು ಅಲ್ಲಿ. ಬಡತನದ ಮನೆ. ರಹೀಮರು ಹುಡುಗನನ್ನು ಕಂಡು ಅಭ್ಯಾಸಕ್ಕೆ ಬಾ ಎಂದಾಗ ಅಷ್ಟು ದೂರ ದಿನಾ ಬರಲು ಅವನ ಬಳಿ ಕಾಸಿರಲಿಲ್ಲವೆಂದೂ, ಸೈಕಲ್ಲಿನ ಬಾಡಿಗೆಯನ್ನು ರಹೀಮರೇ ಕೊಟ್ಟರೆಂದೂ ಹೇಳುತ್ತಾರೆ.

ಆ ಸೈಕಲ್ ಎಲ್ಲೆಲ್ಲಿಗೆ ಹೋಯಿತು ನೋಡಿ. ಮೆಲ್ಬರ್ನ್, ರೋಮ್, ಜಕಾರ್ತ. ರೋಮಿನಲ್ಲಿ ಹಂಗೆರಿಯ ಎದುರು ಭಾರತ 2–1ರಿಂದ ಸೋತಿತು. ಆ ಗೋಲು ಬಲರಾಮರದು. ಪೆರುವಿನ ಎದುರಿನ ಗೋಲೂ ಅವರದೇ. 1961ರಲ್ಲಿ ಈಸ್ಟ್ ಬೆಂಗಾಲಿಗೆ ನಾಯಕರಾಗಿ ಲೀಗ್ ಗೆಲ್ಲಿಸಿದರು. ಚುನಿ ಗೋಸ್ವಾಮಿ, ಪಿ.ಕೆ. ಬ್ಯಾನರ್ಜಿ, ಬಲರಾಮ್, ಈ ಮೂವರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ. 1963ರಲ್ಲಿ, ಇನ್ನೂ ಮೂವತ್ತು ತುಂಬುವ ಮುಂಚೆ, ಅನಾರೋಗ್ಯದಿಂದ ಆಟ ಬಿಡಬೇಕಾಯಿತು. ಅರ್ಜುನ ಪ್ರಶಸ್ತಿ ಬಂದಿತ್ತು. ಮೂವರಲ್ಲಿ ಇಬ್ಬರಿಗೆ ಮುಂದೆ ಪದ್ಮಶ್ರೀ ಬಂತು; ಮೂರನೆಯವರಿಗೆ ಬರಲಿಲ್ಲ. ಆ ನೋವನ್ನು ಅವರು ಮುಚ್ಚಿಟ್ಟವರಲ್ಲ. 2023ರ ಫೆಬ್ರವರಿ 16ರಂದು, ಹುಟ್ಟಿದೂರಿನಿಂದ ಬಹುದೂರ, ಕೋಲ್ಕತ್ತೆಯಲ್ಲಿ ಅವರ ಪ್ರಾಣ ಹೋಯಿತು.

ಎರಡೂರಿನ ಕೊಡುಕೊಳು

ಬೆಂಗಳೂರು-ಹೈದರಾಬಾದುಗಳ ನಡುವೆ ಪೈಪೋಟಿಯೂ ಇತ್ತು, ಬಳಕೆಯೂ ಇತ್ತು. ಯುದ್ಧಕಾಲದಲ್ಲಿ, 1943ರಲ್ಲಿ, ಹೈದರಾಬಾದಿನ ಪೊಲೀಸರು ಹೆಸರು ಮಾಡಿದ್ದು ಬೆಂಗಳೂರಿನ ಆಶೆ ಗೋಲ್ಡ್ ಕಪ್ಪಿನಲ್ಲಿ. ಅಲ್ಲಿ ಅವರು ಸೋಲಿಸಿದ ರಾಯಲ್ ಏರ್‌ಫೋರ್ಸ್ ತಂಡದಲ್ಲಿ ಇಂಗ್ಲೆಂಡಿನ ಪ್ರಖ್ಯಾತ ಕ್ರಿಕೆಟಿಗ ಡೆನಿಸ್ ಕಾಂಪ್ಟನ್ ಆಡಿದ್ದರು. 1954ರಲ್ಲಿ ದೆಹಲಿಯ ಡ್ಯುರಾಂಡ್ ಫೈನಲಿನಲ್ಲಿ ಎದುರುಬದುರಾದದ್ದು ಹೈದರಾಬಾದ್ ಸಿಟಿ ಪೊಲೀಸ್ ಮತ್ತು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಒಂದು ಕಡೆ ಪೇದೆಗಳು, ಇನ್ನೊಂದು ಕಡೆ ವಿಮಾನದ ಕಾರ್ಖಾನೆಯ ನೌಕರರು. ತಿಂಗಳ ಸಂಬಳದವರ ಆಟ!

ನನ್ನಂಥ ಗುಮಾಸ್ತನಿಗೆ ಇಲ್ಲಿಯೇ ಮುಖ್ಯ ಸಂಗತಿ ಕಾಣುವುದು. ಆ ಕಾಲದ ಆಟಗಾರನಿಗೆ ಲಕ್ಷಾಂತರ ರೂಪಾಯಿಯ ಕರಾರು ಇರಲಿಲ್ಲ. ಇದ್ದದ್ದು ಒಂದು ಕೆಲಸ, ಒಂದು ಕ್ವಾರ್ಟರ್ಸು, ಕೊನೆಗೆ ಒಂದು ಪಿಂಚಣಿ. ಪೊಲೀಸು, ರೈಲ್ವೆ, ಸೈನ್ಯ, ಕಾರ್ಖಾನೆಗಳು ಆ ನೆರಳು ಕೊಟ್ಟಿದ್ದರಿಂದಲೇ ಬಡವರ ಮಕ್ಕಳು ಆಟ ಆಡಿದರು. 1977ರಲ್ಲಿ ಕೇರಳದ ಕೊಚ್ಚಿಯಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ನಡೆದಾಗ ಕಲ್ಕತ್ತೆಯ ಮೋಹನ್ ಬಗಾನನ್ನು ಸೋಲಿಸಿ ಗೆದ್ದದ್ದು ಬೆಂಗಳೂರಿನ ಐ.ಟಿ.ಐ., ಅಂದರೆ ಟೆಲಿಫೋನ್ ತಯಾರಿಸುವವರು. ಆ ನೆರಳು ಕಡಿಮೆಯಾದಂತೆ ಆಟವೂ ಸೊರಗಿತು. ಆಮೇಲೆ ಮನೆಮನೆಗೆ ಟಿ.ವಿ. ಬಂತು, 1983ರ ಕ್ರಿಕೆಟ್ ಗೆಲುವು ಬಂತು. ಟಿ.ವಿ.ಗೆ ಮುಂಚೆ ಆಡಿದವರ ಆಟ ನೋಡಿದವರ ಕಣ್ಣಲ್ಲಿ ಉಳಿಯಿತು. ಆ ಕಣ್ಣು ಮುಚ್ಚಿದರೆ ಅದೂ ಹೋಯಿತು.

ಇನ್ನೊಂದು ಕಾರಣವನ್ನು ನಾವು ಕನ್ನಡಿಗರು ಎದೆ ಮುಟ್ಟಿ ಒಪ್ಪಿಕೊಳ್ಳಬೇಕು. ಬೆಂಗಳೂರಿನ ಫುಟ್‌ಬಾಲು ಬೆಳೆದದ್ದು ದಂಡಿನ ಕಡೆ, ಹಲಸೂರು, ಗೌತಮಪುರ, ಶಿವಾಜಿನಗರ, ಆಸ್ಟಿನ್ ಟೌನುಗಳ ಓಣಿಗಳಲ್ಲಿ. ಅಲ್ಲಿಯ ಹುಡುಗರಲ್ಲಿ ಬಹುಮಂದಿಯ ಮನೆಯಲ್ಲಿ ತಮಿಳು, ಉರ್ದು. ಅವರು ಎದೆಯ ಮೇಲೆ ‘ಮೈಸೂರು’ ಎಂದು ಧರಿಸಿ ಬಂಗಾಳವನ್ನು ಸೋಲಿಸಿದರು. 1952–53ರಲ್ಲಿ, 1967–68ರಲ್ಲಿ, 1968–69ರಲ್ಲಿ. ನಾವು ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟು, ನಮ್ಮವರ ಪಟ್ಟಿಯಲ್ಲಿ ಮಾತ್ರ ಅವರನ್ನು ಬರೆದುಕೊಳ್ಳಲಿಲ್ಲ.

ನನ್ನ ಹನ್ನೊಂದು ಮಂದಿ

ಅಭಿಮಾನಿಯಾದವನಿಗೆ ತನ್ನದೇ ಒಂದು ತಂಡ ಕಟ್ಟುವ ಚಪಲ ಇದ್ದೇ ಇರುತ್ತದೆ. ಎರಡೂ ಊರಿನವರನ್ನು ಸೇರಿಸಿ, ಹಳೆಯ ಕಾಲದ ಪದ್ಧತಿಯಂತೆ ಐದು ಮುಂದಾಳುಗಳನ್ನಿಟ್ಟು, ನಾನೂ ಒಂದು ತಂಡ ಕಟ್ಟಿದ್ದೇನೆ. ಗೋಲಿಯಾಗಿ ಹೈದರಾಬಾದಿನಲ್ಲಿ ಹುಟ್ಟಿದ, ಆರಡಿ ಮಿಕ್ಕಿದ ಪೀಟರ್ ತಂಗರಾಜ್. ಹಿಂದೆ ಅಜೀಜುದ್ದೀನ್, ನಯೀಮುದ್ದೀನ್. ನಡುವೆ ಕೆಂಪಯ್ಯ, ನೂರ್ ಮಹಮ್ಮದ್, ಯೂಸುಫ್ ಖಾನ್. ಮುಂದೆ ಒಂದು ಅಂಚಿನಲ್ಲಿ 1962ರ ಚಿನ್ನದ ತಂಡದಲ್ಲಿದ್ದ ಬೆಂಗಳೂರಿನ ಅರುಮೈನಾಯಗಂ, ಇನ್ನೊಂದು ಅಂಚಿನಲ್ಲಿ ಬಲರಾಮ್, ಒಳಗೆ ರಾಮನ್, ಧನರಾಜ್, ಅಹಮದ್ ಖಾನ್. ಹೈದರಾಬಾದಿನವರು ಆರು, ಬೆಂಗಳೂರಿನವರು ಐದು. ಅನ್ನ ಕೊಟ್ಟ ಊರಿಗೆ ಒಂದು ಹೆಚ್ಚು. ಗುರುಗಳು ಯಾರೆಂದು ಹೇಳಬೇಕಿಲ್ಲ. ಇದನ್ನು ಒಪ್ಪದವರು ಸಂಘದ ಮುಂದಿನ ಸಭೆಯಲ್ಲಿ ಕಾಫಿಯ ಹೊತ್ತಿಗೆ ನನ್ನನ್ನು ಹಿಡಿಯಬಹುದು.

ತಪ್ಪಿಹೋದ ಒಂದು ಪಾಸು

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ರೆಕಾರ್ಡ್ ರೂಮಿನ ಯಜಮಾನರು 2006ರಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಓದುವ ನಾಲ್ಕು ಮಾತನ್ನು ಬರೆಯಲು ನನಗೇ ಹೇಳಿದರು. ನಾನು ಸರ್ವಿಸ್ ಪುಸ್ತಕ ತೆಗೆದೆ. ಸೇರಿದ ದಿನಾಂಕ, ಬಡ್ತಿ, ರಜೆ, ‘ಸಮಯಪಾಲನೆಯುಳ್ಳ ಸಜ್ಜನ ನೌಕರ’, ಎಲ್ಲ ಬರೆದೆ. ಎರಡು ವರ್ಷ ದಿನಾ ಕೇಳಿದ ಫುಟ್‌ಬಾಲಿನ ಬಗ್ಗೆ ಒಂದು ಸಾಲು ಬರೆಯಲಿಲ್ಲ. ಕಛೇರಿಯ ಕಾಗದದಲ್ಲಿ ಅದಕ್ಕೆ ಜಾಗವಿಲ್ಲವೆಂದು ಅನ್ನಿಸಿರಬೇಕು. ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು, ಫೋಟೋ ತೆಗೆದರು. ಮೆಟ್ಟಿಲಿಳಿಯುವಾಗ ಅವರು ನನ್ನ ಭುಜದ ಮೇಲೆ ಕೈಯಿಟ್ಟು, ‘ಚೆನ್ನಾಗಿ ಬರೆದಿದ್ದೆ ತಮ್ಮಾ. ಆದ್ರೆ ಒಂದು ಪಾಸ್ ಮಿಸ್ ಆಯ್ತು’ ಎಂದು ನಕ್ಕರು. ನಾಲ್ಕು ವರ್ಷದ ಮೇಲೆ ಅವರು ಹೋದ ಸುದ್ದಿ ಬಂತು. ಈ ಲೇಖನ ಆ ದಿನದಿಂದ ನನ್ನ ಮೇಲಿರುವ ಸಾಲ.

ಮಗನ ಕೊನೆಯ ಪ್ರಶ್ನೆ ಏನೆಂದು ಹೇಳುತ್ತೇನೆಂದಿದ್ದೆ. ‘ಹಾಗಾದರೆ ನಮ್ಮ ಟೀಮು ಯಾವುದಪ್ಪಾ? ಹೈದರಾಬಾದೋ, ಕರ್ನಾಟಕವೋ?’ 2022ರ ಮಾರ್ಚಿಯಲ್ಲಿ ಹೈದರಾಬಾದ್ ಎಫ್.ಸಿ. ಐ.ಎಸ್.ಎಲ್. ಕಪ್ಪು ಗೆದ್ದಾಗ ಅವನು ಬೀದಿಯಲ್ಲಿ ಕುಣಿದಿದ್ದ. ಮರುವರ್ಷ, 2023ರ ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಐವತ್ತನಾಲ್ಕು ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಾಗ ಕಣ್ಣೊರೆಸಿಕೊಂಡವನು ನಾನು. ಅಂದು ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕೆ ಒರಾಂ, ರಾಬಿನ್ ಯಾದವ್. ಅವರ ಮನೆಮಾತು ಯಾವುದೆಂದು ನಾನು ವಿಚಾರಿಸಲು ಹೋಗಿಲ್ಲ. ಆಡಿದ್ದು ಕರ್ನಾಟಕಕ್ಕೆ, ಅಷ್ಟು ಸಾಕು.

ಎರಡು ದಿನ ಯೋಚಿಸಿ ಮಗನಿಗೆ ಉತ್ತರ ಹೇಳಿದೆ: ‘ಎರಡೂ ನಮ್ಮದೇ. ಹಲಸೂರಿನ ತಮಿಳು ಹುಡುಗ ಮೈಸೂರಿನವನಾದರೆ, ನಾಚಾರಂನ ಕನ್ನಡ ಹುಡುಗ ಹೈದರಾಬಾದಿನವನು. ಅವರನ್ನು ನಮ್ಮವರೆಂದು ಬರೆದುಕೊಂಡರೆ, ಇಲ್ಲಿಯವರು ನಮ್ಮನ್ನು ತಮ್ಮವರೆಂದು ಬರೆದುಕೊಳ್ಳಲಿ ಎಂದು ಕೇಳುವ ಹಕ್ಕು ನಮಗಿರುತ್ತದೆ.’ ಅವನಿಗೆ ಎಷ್ಟು ಅರ್ಥವಾಯಿತೋ. ‘ಅಮ್ಮುಗೂಡಕ್ಕೆ ಸೈಕಲ್ಲಿನಲ್ಲಿ ಹೋಗಬಹುದೇ?’ ಎಂದು ಕೇಳಿದ. ಬರುವ ಭಾನುವಾರ ಹೋಗುವುದೆಂದು ಆಗಿದೆ.

ಕೊನೆಯದಾಗಿ ಸಂಘದ ಬಂಧುಗಳಲ್ಲಿ ಒಂದು ವಿನಂತಿ. ಪೊಲೀಸು, ರೈಲ್ವೆ, ಕಾರ್ಖಾನೆ, ಕಛೇರಿಗಳ ತಂಡಗಳಲ್ಲಿ ಆಡಿದ ಹಿರಿಯರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇರಬಹುದು. ಒಂದು ಹಳೆಯ ಗ್ರೂಪ್ ಫೋಟೋ, ಹಳದಿಗಟ್ಟಿದ ಪತ್ರಿಕೆಯ ತುಣುಕು, ಅಥವಾ ಬರೀ ನೆನಪಿದ್ದರೂ ಸರಿ, ಅವರ ಬಳಿ ಕುಳಿತು ಕೇಳಿ ಬರೆದಿಡಿ. ಫೋಟೋದ ಹಿಂದೆ ನಿಂತವರ ಹೆಸರನ್ನು, ಎಡದಿಂದ ಬಲಕ್ಕೆ, ಒಂದೂ ಬಿಡದೆ ಬರೆಯಿರಿ. ತುದಿಯಲ್ಲಿ ನಿಂತವನ ಹೆಸರನ್ನು ಮೊದಲು ಕೇಳಿ. ಮರೆತುಹೋಗುವುದು ಸಾಮಾನ್ಯವಾಗಿ ಅದೇ.